ಡನ್‌ಫರ್ಮ್‌ಲಿನ್: ರಾಜರ ಗೋರಿ, ನೇಕಾರರ ಮಗ್ಗ

(ಎಸ್.ಎಸ್.ಎಲ್.ಸಿ. 2005ನೇ ಸಾಲಿನ ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್)

ಬ್ರೂಸ್ ರಾಜ ಮತ್ತು ಜೇಡದ ಕಥೆ ಕೇಳದೆ ನಮ್ಮ ಶಾಲೆಯಿಂದ ಹೊರಬಿದ್ದವರು ಕಡಿಮೆ. ಯುದ್ಧದಲ್ಲಿ ಸೋತು ಗುಹೆಯಲ್ಲಿ ಅಡಗಿ ಕುಳಿತ ರಾಜ, ಎಷ್ಟು ಸಲ ಬಿದ್ದರೂ ಮತ್ತೆ ಎಳೆ ಹಿಡಿದು ಏರುವ ಜೇಡ, ಅದನ್ನು ನೋಡಿ ರಾಜನಿಗೆ ಬಂದ ಧೈರ್ಯ. ಕಿರುಪರೀಕ್ಷೆಯ ಪೇಪರು ಕೊಡುವ ದಿನ ನಮ್ಮ ಗುರುಗಳು ಈ ಕಥೆಯನ್ನು ತಪ್ಪದೆ ನೆನಪಿಸುತ್ತಿದ್ದರು. ಆ ರಾಜನನ್ನು ಹೂಳಿದ ಊರನ್ನು ನೋಡಿ ಬಂದೆ ಎಂದು ನಾನು ಹೇಳಿದಾಗ ಊರಿನ ಗೆಳೆಯರು ಕೇಳಿದ ಮೊದಲ ಪ್ರಶ್ನೆ, "ಅಂವ ಖರೇನ ಇದ್ದನೇನು?" ಎಂಬುದು. ಇದ್ದ. 1306ರಲ್ಲಿ ಸ್ಕಾಟ್ಲೆಂಡಿನ ರಾಜನಾಗಿ, 1314ರಲ್ಲಿ ಬ್ಯಾನಕ್‌ಬರ್ನ್ ಎಂಬಲ್ಲಿ ಇಂಗ್ಲೆಂಡಿನ ದೊಡ್ಡ ಸೈನ್ಯವನ್ನು ಸೋಲಿಸಿ, 1329ರಲ್ಲಿ ತೀರಿಕೊಂಡ. ಜೇಡದ ಮಾತು ಮಾತ್ರ ಬೇರೆ. ಬ್ರೂಸ್ ಸತ್ತು ಸುಮಾರು ಐನೂರು ವರ್ಷಗಳಾದ ಮೇಲೆ, 1828ರಲ್ಲಿ, ಕಾದಂಬರಿಕಾರ ವಾಲ್ಟರ್ ಸ್ಕಾಟ್ ಮಕ್ಕಳಿಗಾಗಿ ಬರೆದ ಇತಿಹಾಸದ ಪುಸ್ತಕದಿಂದ ಅದು ಜಗತ್ತಿಗೆಲ್ಲ ಹಬ್ಬಿತು.

ಕಂಪನಿ ಕೆಲಸದ ಮೇಲೆ ಒಂದೂವರೆ ವರ್ಷ ಎಡಿನ್‌ಬರೋದಲ್ಲಿದ್ದೆ. ಅಲ್ಲಿಂದ ಉತ್ತರಕ್ಕೆ ರೈಲಿನಲ್ಲಿ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚಿನ ದಾರಿ ಡನ್‌ಫರ್ಮ್‌ಲಿನ್. ನಡುವೆ ಫೋರ್ತ್ ನದಿ ಸಮುದ್ರ ಸೇರುವ ಅಗಲವಾದ ನೀರು. ಅದರ ಮೇಲೆ 1890ರಲ್ಲಿ ತೆರೆದ, ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಕೆಂಪು ಬಣ್ಣದ ಉಕ್ಕಿನ ಸೇತುವೆ ಇದೆ. ಈಗ ಅದು ವಿಶ್ವ ಪರಂಪರೆಯ ತಾಣ. ಸೇತುವೆಯ ಎರಡು ತುದಿಯ ಊರುಗಳ ಹೆಸರಿನಲ್ಲೂ 'ಕ್ವೀನ್ಸ್‌ಫೆರಿ', ಅಂದರೆ ರಾಣಿಯ ದೋಣಿಕಟ್ಟೆ ಎಂಬ ಮಾತಿದೆ. ಆ ರಾಣಿ ಮಾರ್ಗರೇಟ್. ಯಾತ್ರಿಕರಿಗಾಗಿ ಪುಕ್ಕಟೆ ದೋಣಿ ಹಾಕಿಸಿದ್ದಳಂತೆ. ಡನ್‌ಫರ್ಮ್‌ಲಿನ್‌ನ ಕಥೆ ಅವಳಿಂದಲೇ ಶುರುವಾಗುತ್ತದೆ.

ಇಂಗ್ಲೆಂಡಿನ ರಾಜವಂಶದ ಮಾರ್ಗರೇಟ್ 1070ರ ಸುಮಾರಿಗೆ ಸ್ಕಾಟ್ಲೆಂಡಿನ ರಾಜ ಮೂರನೇ ಮಾಲ್ಕಮ್‌ನನ್ನು ಈ ಊರಿನಲ್ಲಿ ಮದುವೆಯಾದಳು. ಮಾಲ್ಕಮ್‌ನ ಗೋಪುರದ ಬುಡದ ಕಲ್ಲುಗಳು ಊರಿನ ಪಕ್ಕದ ಹಳ್ಳದ ದಂಡೆಯ ದಿಬ್ಬದ ಮೇಲೆ ಇಂದಿಗೂ ಇವೆ. ರಾಣಿ ಒಬ್ಬಳೇ ಹೋಗಿ ಪ್ರಾರ್ಥನೆ ಮಾಡುತ್ತಿದ್ದಳೆಂದು ಹೇಳುವ ಗವಿಯೂ ಇದೆ. ಅದನ್ನು ನೋಡಬೇಕಾದರೆ ಕಾರು ನಿಲ್ಲಿಸುವ ಜಾಗದ ಒಂದು ಮೂಲೆಯಿಂದ 87 ಮೆಟ್ಟಿಲು ಕೆಳಗಿಳಿಯಬೇಕು. ಹಳ್ಳದ ಆ ಭಾಗವನ್ನು ಮುಚ್ಚಿ ಮೇಲೆ ಕಾರುಗಳಿಗೆ ಜಾಗ ಮಾಡಿದಾಗ ಜನ ಪಟ್ಟುಹಿಡಿದು ಗವಿಯನ್ನು ಉಳಿಸಿಕೊಂಡರು. ಮಾರ್ಗರೇಟ್ 1093ರಲ್ಲಿ ತೀರಿಕೊಂಡಳು. 1250ರಲ್ಲಿ ಅವಳನ್ನು ಸಂತಳೆಂದು ಘೋಷಿಸಲಾಯಿತು.

ಅವಳ ಮಗ ಡೇವಿಡ್ 1128ರಲ್ಲಿ ಇಲ್ಲಿ ಕ್ರೈಸ್ತ ಸನ್ಯಾಸಿಗಳ ದೊಡ್ಡ ಮಠ ಕಟ್ಟಿಸಲು ತೊಡಗಿದ. ನಮ್ಮ ಇಟಗಿಯ ಮಹಾದೇವ ದೇವಾಲಯ 1112ರದು. ಎರಡೂ ಹೆಚ್ಚುಕಡಿಮೆ ಒಂದೇ ಕಾಲದ ಕೆಲಸ ಎಂದು ಅಲ್ಲಿ ನಿಂತಾಗ ಹೊಳೆಯಿತು. ಆ ಮಠದ ಚರ್ಚಿನ ಪಶ್ಚಿಮ ಭಾಗ ಈಗಲೂ ಗಟ್ಟಿಯಾಗಿ ನಿಂತಿದೆ. ಒಳಗೆ ಎರಡು ಸಾಲು ದಪ್ಪ ದುಂಡು ಕಂಬಗಳು. ಇಟಗಿಯ ಕಂಬಗಳ ನುಣುಪು, ಕುಸುರಿ ಇಲ್ಲಿ ಹುಡುಕಬಾರದು. ಆದರೆ ಕೆಲವು ಕಂಬಗಳ ಮೇಲೆ ಆಳವಾಗಿ ಕೊರೆದ ಅಂಕುಡೊಂಕು ಗೆರೆ, ಸುರುಳಿ ಗೆರೆ ಇವೆ. ಇಂಗ್ಲೆಂಡಿನ ಡರ್‌ಹ್ಯಾಮ್ ಚರ್ಚಿನಲ್ಲಿಯೂ ಇಂಥವೇ ಇರುವುದರಿಂದ ಅಲ್ಲಿನ ಕಲ್ಲುಕುಟಿಗರೇ ಇಲ್ಲಿಗೂ ಬಂದಿರಬೇಕೆಂದು ತಿಳಿದವರು ಹೇಳುತ್ತಾರೆ.

ಮುಂದೆ ಹಲವು ರಾಜರನ್ನು ಈ ಮಠದಲ್ಲೇ ಹೂಳಿದರು. 1303ರ ಚಳಿಗಾಲ ಕಳೆಯಲು ಬಂದ ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ ಹೋಗುವಾಗ ಮಠಕ್ಕೆ ಬೆಂಕಿ ಹಚ್ಚಿಸಿ ಹೋದ. ಬ್ರೂಸ್ ಅದನ್ನು ಮತ್ತೆ ಎತ್ತಿ ನಿಲ್ಲಿಸಲು ನೆರವಾದ, ಕೊನೆಗೆ ಇಲ್ಲಿಯೇ ಮಣ್ಣಾದ. 1560ರ ಹೊತ್ತಿಗೆ ಸ್ಕಾಟ್ಲೆಂಡ್ ಪ್ರಾಟೆಸ್ಟೆಂಟ್ ಮತಕ್ಕೆ ತಿರುಗಿದಾಗ ಮಠ ಹಾಳುಬಿತ್ತು, ಬ್ರೂಸನ ಗೋರಿ ಎಲ್ಲಿತ್ತೆಂಬುದೂ ಮರೆತುಹೋಯಿತು. 1818ರಲ್ಲಿ ಹೊಸ ಚರ್ಚು ಕಟ್ಟಲು ಅಗೆಯುವಾಗ ಸೀಸದ ತಗಡು ಸುತ್ತಿದ ಅಸ್ಥಿಪಂಜರ ಸಿಕ್ಕಿತು. ಮೇಲೆ ಜರಿಬಟ್ಟೆಯ ಚೂರುಗಳಿದ್ದವು. ಎದೆಯ ಮೂಳೆಯನ್ನು ಗರಗಸದಿಂದ ಕೊಯ್ದಿತ್ತು. ತನ್ನ ಹೃದಯವನ್ನು ಜೆರುಸಲೇಮ್ ಕಡೆ ಒಯ್ಯಬೇಕೆಂದು ಬ್ರೂಸ್ ಕೇಳಿಕೊಂಡಿದ್ದ. ಒಯ್ಯುತ್ತಿದ್ದ ಸರದಾರ ದಾರಿಯಲ್ಲಿ ಸ್ಪೇನಿನ ಯುದ್ಧದಲ್ಲಿ ಸತ್ತ. ಹೃದಯ ಮರಳಿ ಬಂದು ಮೆಲ್ರೋಸ್ ಎಂಬ ಇನ್ನೊಂದು ಊರಿನ ಮಠ ಸೇರಿತು. ಹೀಗಾಗಿ ಆ ಕೊಯ್ದ ಮೂಳೆಯೇ ಗುರುತಾಯಿತು. ತಲೆಬುರುಡೆಯ ಅಚ್ಚು ತೆಗೆದುಕೊಂಡು, 1819ರಲ್ಲಿ ಮತ್ತೆ ಅಲ್ಲಿಯೇ ಹೂಳಿದರು. ಹೊಸ ಚರ್ಚಿನ ಗೋಪುರದ ತುದಿಯ ಕಟಾಂಜನದಲ್ಲಿ, ಒಂದೊಂದು ಬದಿಗೆ ಒಂದೊಂದು ಪದದಂತೆ, 'ಕಿಂಗ್ ರಾಬರ್ಟ್ ದಿ ಬ್ರೂಸ್' ಎಂದು ದೊಡ್ಡ ಕಲ್ಲಿನ ಅಕ್ಷರಗಳಿವೆ. ದೂರದಿಂದಲೇ ಓದಬಹುದು. ನನಗೆ ಅದು ಸ್ವಲ್ಪ ಅತಿಯೆನಿಸಿತು. ಆದರೆ ಸುಮಾರು ಇನ್ನೂರೈವತ್ತು ವರ್ಷ ಗೋರಿಯನ್ನೇ ಮರೆತ ಊರು ಇನ್ನೊಮ್ಮೆ ಮರೆಯಬಾರದೆಂದು ಹಾಗೆ ಬರೆಸಿರಬಹುದು.

ಮಠದ ಅತಿಥಿಗೃಹವೇ ಬೆಳೆದು ಅರಮನೆಯಾಯಿತು. 1600ರಲ್ಲಿ ಅಲ್ಲಿ ಹುಟ್ಟಿದ ಒಂದನೇ ಚಾರ್ಲ್ಸ್, ಮುಂದೆ ಲಂಡನ್ನಿನಲ್ಲಿ 1649ರಲ್ಲಿ ಪಾರ್ಲಿಮೆಂಟಿನವರ ಕೈಯಲ್ಲಿ ತಲೆ ಕಳೆದುಕೊಂಡ ರಾಜ. 1603ರಲ್ಲಿ ಅವನ ತಂದೆಗೆ ಇಂಗ್ಲೆಂಡಿನ ಪಟ್ಟವೂ ಸಿಕ್ಕಿ ಆಸ್ಥಾನ ಲಂಡನ್ನಿಗೆ ಹೋದ ಮೇಲೆ ಡನ್‌ಫರ್ಮ್‌ಲಿನ್ ಅರಮನೆಯ ಸೂರು ಬಿತ್ತು. ಹಳ್ಳದ ಕಡೆಗಿರುವ ಎತ್ತರದ ಗೋಡೆಯೊಂದು ಖಾಲಿ ಕಿಟಕಿಗಳೊಡನೆ ನಿಂತಿದೆ.

ಪ್ರವಾಸಿಗರು ಸಾಮಾನ್ಯವಾಗಿ ಇಷ್ಟು ನೋಡಿ ಫೋಟೋ ತೆಗೆಸಿಕೊಂಡು ರೈಲು ಹತ್ತುತ್ತಾರೆ. ನಾನು ಹೋದದ್ದು ಮಗ್ಗಕ್ಕಾಗಿ. ನಮ್ಮೂರು ನೇಕಾರರ ಊರು ಎಂದು ಈ ಸಂಚಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ನಮ್ಮ ಮುತ್ಯಾ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯ್ದವರು. ಬೇಸಿಗೆ ರಜೆಯಲ್ಲಿ ಕಂಡಿಕೆ ಸುತ್ತಿಕೊಟ್ಟು ನಾನು ಪೆಪ್ಪರಮೆಂಟಿನ ಕಾಸು ಗಳಿಸಿದ್ದೇನೆ.

ರಾಜರು ಹೋದ ಮೇಲೆ ಡನ್‌ಫರ್ಮ್‌ಲಿನ್ ಬದುಕಿದ್ದು ಲಿನನ್ ಬಟ್ಟೆಯಿಂದ. ಲಿನನ್ ಎಂದರೆ ಅಗಸೆ ಗಿಡದ ನಾರಿನ ಬಟ್ಟೆ. ನಾವು ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಚಟ್ನಿಯ ಅದೇ ಅಗಸೆ! ನಾವು ಬೀಜ ತಿಂದೆವು, ಅವರು ದಂಟನ್ನು ಕೊಳೆಸಿ ನಾರು ತೆಗೆದು ನೂತರು. ಅದರಲ್ಲಿಯೂ ಊರಿನ ಹೆಸರು ಬೆಳೆಸಿದ್ದು ಡಮಾಸ್ಕ್ ಎಂಬ ನೇಯ್ಗೆ. ಹಾಸೂ ಬಿಳಿ, ಹೊಕ್ಕೂ ಬಿಳಿ. ಆದರೆ ಎಳೆಗಳನ್ನು ಎತ್ತಿಳಿಸುವ ಕ್ರಮದಿಂದಲೇ ಹೂವು, ಬಳ್ಳಿ, ಹಕ್ಕಿ ಮೂಡುತ್ತವೆ, ಬೆಳಕಿಗೆ ಹಿಡಿದಾಗ ಮಾತ್ರ ಕಾಣುತ್ತವೆ. ದೊಡ್ಡವರ ಮನೆಯ ಊಟದ ಮೇಜಿಗೆ ಹಾಸುವ ಬಟ್ಟೆ ಅದು. ಅಮೆರಿಕಕ್ಕೂ ಹಡಗಿನಲ್ಲಿ ಹೋಗುತ್ತಿತ್ತು.

ಈ ವಿದ್ಯೆ ಊರಿಗೆ ಬಂದ ಬಗೆಯನ್ನು ಅಲ್ಲಿನವರು ನಗುತ್ತಾ ಹೇಳುತ್ತಾರೆ. 1718ರ ಸುಮಾರಿಗೆ ಎಡಿನ್‌ಬರೋ ಹತ್ತಿರದ ಒಂದು ಕಾರ್ಖಾನೆಯವರು ಡಮಾಸ್ಕ್ ಮಗ್ಗವನ್ನು ಗುಟ್ಟಾಗಿಟ್ಟಿದ್ದರಂತೆ. ಡನ್‌ಫರ್ಮ್‌ಲಿನ್‌ನ ಜೇಮ್ಸ್ ಬ್ಲೇಕ್ ಎಂಬ ನೇಕಾರ ಬುದ್ಧಿಮಾಂದ್ಯನಂತೆ ನಟಿಸುತ್ತಾ ಒಳಹೊಕ್ಕು, ಮಗ್ಗದ ಕೆಳಗೆ ತೆವಳಿ, ಎಲ್ಲವನ್ನೂ ಕಣ್ಣಿನಲ್ಲೇ ತುಂಬಿಕೊಂಡು ಬಂದು ಊರಿನಲ್ಲಿ ಅಂಥದೇ ಮಗ್ಗ ಹೂಡಿದನಂತೆ. ಇವತ್ತು ನಮ್ಮ ಕಂಪನಿಗಳಲ್ಲಿ ಹೀಗೆ ಮಾಡಿದರೆ ನೇರ ಕೋರ್ಟು. ಅಲ್ಲಿ ಅವನು ಊರಿನ ಹೀರೋ.

ಮೊದಲು ಹೂವಿನ ವಿನ್ಯಾಸಕ್ಕೆ ಎಳೆಗಳನ್ನು ಎತ್ತಲು ಒಬ್ಬ ಹುಡುಗ ಮಗ್ಗದ ಪಕ್ಕ ನಿಂತು ಹಗ್ಗ ಜಗ್ಗಬೇಕಿತ್ತು. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ಎಂಬಾತ ಈ ಕೆಲಸವನ್ನು ತೂತು ಹೊಡೆದ ರಟ್ಟುಗಳಿಗೆ ಒಪ್ಪಿಸಿದ. ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಒಂದು ಹೊಕ್ಕಿಗೆ ಒಂದು ರಟ್ಟು. ರಟ್ಟುಗಳನ್ನು ಸರದಂತೆ ಪೋಣಿಸಿ ಬಿಟ್ಟರೆ ವಿನ್ಯಾಸ ತಾನಾಗಿ ಬರುತ್ತದೆ, ವಿನ್ಯಾಸ ಬದಲಿಸಬೇಕೆಂದರೆ ಸರ ಬದಲಿಸಿದರೆ ಸಾಕು. 1825ರಲ್ಲಿ ಈ ಮಗ್ಗ ಡನ್‌ಫರ್ಮ್‌ಲಿನ್‌ಗೆ ಬಂತು. ಇದನ್ನೇ ನೋಡಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ರಟ್ಟಿನಿಂದ ಸೂಚನೆ ಕೊಡುವ ಯೋಜನೆ ಹಾಕಿದ. 1890ರ ಅಮೆರಿಕದ ಜನಗಣತಿಯನ್ನು ಹಾಲರಿತ್ ಎಂಬಾತ ತೂತಿನ ಕಾರ್ಡುಗಳಿಂದಲೇ ಎಣಿಸಿದ. ನನ್ನ ಹೊಟ್ಟೆ ತುಂಬಿಸುವ ಪ್ರೋಗ್ರಾಮಿಂಗ್ ಎಂಬುದರ ಒಂದು ಬೇರು ಮಗ್ಗದ ಮನೆಯಲ್ಲಿದೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಬ್ಯಾಬೇಜ್‌ನ ಹೆಸರು ಹೇಳಿದರು, ಮಗ್ಗದ ಹೆಸರು ಹೇಳಲಿಲ್ಲ. ಮುತ್ಯಾನ ಜಕಾರ್ಡ್ ರಟ್ಟುಗಳು ನಮ್ಮ ಅಟ್ಟದಲ್ಲೇ ಇದ್ದವು.

ಮಠದಿಂದ ಐದು ನಿಮಿಷ ಕೆಳಗೆ ನಡೆದರೆ ಮೂಡಿ ಸ್ಟ್ರೀಟ್ ಎಂಬ ಬೀದಿಯ ಮೂಲೆಯಲ್ಲಿ ನೇಕಾರನ ಒಂದು ಪುಟ್ಟ ಕಲ್ಲಿನ ಮನೆ. ಕೆಳಗೆ ಮಗ್ಗ, ಮೇಲೆ ಸಂಸಾರ. 1835ರ ನವೆಂಬರ್ 25ರಂದು ಈ ಮನೆಯ ಅಟ್ಟದಲ್ಲಿ ಆಂಡ್ರ್ಯೂ ಕಾರ್ನೆಗಿ ಹುಟ್ಟಿದ. ಮುಂದೆ ಜಗತ್ತಿನ ಅತಿ ದೊಡ್ಡ ಶ್ರೀಮಂತರಲ್ಲಿ ಒಬ್ಬನಾದ ಅಮೆರಿಕದ ಉಕ್ಕಿನ ವ್ಯಾಪಾರಿ ಇವನೇ. ತಂದೆ ವಿಲಿಯಂ ಡಮಾಸ್ಕ್ ನೇಕಾರ. ಮನೆ ಈಗ ವಸ್ತುಸಂಗ್ರಹಾಲಯ. ಅಲ್ಲಿ ಜಕಾರ್ಡ್ ಕೈಮಗ್ಗವೊಂದನ್ನು ನಡೆಯುವ ಸ್ಥಿತಿಯಲ್ಲಿ ಇಟ್ಟಿದ್ದಾರೆ. ನೋಡಿಕೊಳ್ಳುತ್ತಿದ್ದ ವಯಸ್ಸಾದ ಮಹಿಳೆಗೆ ನಾನೂ ನೇಕಾರರ ಮನೆಯವನು ಎಂದೆ. ಅವರು ಒಂದೊಂದೇ ಭಾಗ ಮುಟ್ಟಿ ಹೆಸರು ಹೇಳಿದರು, ನಾನು ನಮ್ಮ ಹೆಸರು ಹೇಳಿದೆ: ಲಾಳಿ, ಹಣಿಗೆ, ಕಂಡಿಕೆ, ಹಾಸು. "ಲಾಳಿ" ಎಂಬ ಪದ ಅವರಿಗೆ ಇಷ್ಟವಾಗಿ ಎರಡು ಸಲ ಹೇಳಿಕೊಂಡರು.

1840ರ ದಶಕದಲ್ಲಿ ಉಗಿಯಂತ್ರದ ಮಗ್ಗ ಹಬ್ಬುತ್ತಿದ್ದುದೂ ವ್ಯಾಪಾರ ಬಿದ್ದದ್ದೂ ಒಟ್ಟಿಗೆ ಬಂದು ಕೈಮಗ್ಗದವರ ಕೂಲಿ ಕುಸಿಯಿತು. ವಿಲಿಯಂ ಕಾರ್ನೆಗಿಗೆ ಕೆಲಸ ಸಿಗದಾಯಿತು, ಮಗ್ಗಗಳನ್ನು ಮಾರಬೇಕಾಯಿತು. ಹೆಂಡತಿ ಮಾರ್ಗರೇಟ್ ಚಿಕ್ಕ ಅಂಗಡಿ ಇಟ್ಟು, ರಾತ್ರಿ ಬೂಟು ಹೊಲಿದು ಮನೆ ನಡೆಸಿದಳು. 1848ರಲ್ಲಿ ಹಡಗಿನ ಖರ್ಚಿಗೆ ಕಡಿಮೆ ಬಿದ್ದ 20 ಪೌಂಡ್ ಸಾಲ ತಂದು ಸಂಸಾರ ಅಮೆರಿಕಕ್ಕೆ ಹೊರಟಿತು. ಆಂಡ್ರ್ಯೂಗೆ ಆಗ 12 ವರ್ಷ. ಊರಿನ ಶಾಲೆಯಲ್ಲಿ ಕಲಿತ ನಾಲ್ಕಾರು ವರ್ಷವೇ ಅವನ ಓದು. ಅಲ್ಲಿ ಹತ್ತಿಗಿರಣಿಯಲ್ಲಿ ಅವನಿಗೆ ಸಿಕ್ಕ ಮೊದಲ ಕೆಲಸ ಕಂಡಿಕೆ ಹುಡುಗನದು, ವಾರಕ್ಕೆ 1 ಡಾಲರ್ 20 ಸೆಂಟ್. ಮುಂದೆ ತಂತಿ ಕಚೇರಿ, ರೈಲ್ವೆ, ಕಬ್ಬಿಣ, ಉಕ್ಕು. 1901ರಲ್ಲಿ ತನ್ನ ಉಕ್ಕಿನ ಕಂಪನಿಯನ್ನು 48 ಕೋಟಿ ಡಾಲರಿಗೆ ಮಾರಿದ.

ನಮ್ಮಲ್ಲಿ ಪವರ್‌ಲೂಮ್ ಬಂದ ವರ್ಷಗಳನ್ನು ನೋಡಿದವರಿಗೆ ವಿಲಿಯಂನ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಮಗನ ಕಥೆಯನ್ನು ಎಲ್ಲರೂ ಬರೆದಿದ್ದಾರೆ. ತಂದೆಯದು ಮಗನ ಕಥೆಯ ಮುನ್ನುಡಿಯಾಗಿ ಎರಡು ಪುಟ. ಅಮೆರಿಕದಲ್ಲಿಯೂ ವಿಲಿಯಂ ಸ್ವಲ್ಪ ದಿನ ಗಿರಣಿಯಲ್ಲಿ ದುಡಿದು, ಮತ್ತೆ ಕೈಮಗ್ಗಕ್ಕೇ ಮರಳಿ, ತಾನು ನೇಯ್ದ ಮೇಜುಬಟ್ಟೆಯನ್ನು ತಾನೇ ಮನೆಮನೆಗೆ ಹೊತ್ತು ಮಾರಿದ, 1855ರಲ್ಲಿ ತೀರಿಕೊಂಡ. ಅವನ ಬಗ್ಗೆ ನನಗೆ ಮುಖ್ಯವೆನಿಸಿದ್ದು ಇನ್ನೊಂದು. ಡನ್‌ಫರ್ಮ್‌ಲಿನ್‌ನಲ್ಲಿ ತಮ್ಮಲ್ಲಿದ್ದ ನಾಲ್ಕೈದು ಪುಸ್ತಕಗಳನ್ನು ಒಟ್ಟುಗೂಡಿಸಿ ನೆರೆಹೊರೆಯವರಿಗೆ ಓದಲು ಕೊಡುತ್ತಿದ್ದ ನೇಕಾರರಲ್ಲಿ ಅವನೂ ಒಬ್ಬನಾಗಿದ್ದ ಎಂದು ಮಗ ಬರೆದಿದ್ದಾನೆ. ಎಲ್ಲರಿಗೂ ಮತದಾನದ ಹಕ್ಕು ಬೇಕೆಂಬ ಚಾರ್ಟಿಸ್ಟ್ ಚಳವಳಿಯಲ್ಲಿಯೂ ಅವನಿದ್ದ.

ಮಗ ಕಟ್ಟಿಸಿದ ಗ್ರಂಥಾಲಯಗಳು ಜಗತ್ತಿನಲ್ಲಿ 2,500ಕ್ಕೂ ಹೆಚ್ಚು. ಮೊದಲನೆಯದು ಇದೇ ಊರಿನಲ್ಲಿ, ಮಠದ ಪಕ್ಕದಲ್ಲಿ. 1881ರಲ್ಲಿ ಶಿಲಾನ್ಯಾಸ ಮಾಡಿದವಳು ಬೂಟು ಹೊಲಿದ ಅದೇ ತಾಯಿ. 1883ರಲ್ಲಿ ಬಾಗಿಲು ತೆರೆದ ದಿನ ಸಂಜೆಯೊಳಗೆ ಕಪಾಟುಗಳು ಖಾಲಿಯಾದವೆಂದು ಹೇಳುತ್ತಾರೆ. ಸಾಮಾನ್ಯವಾಗಿ ಅವನ ಕರಾರು ಒಂದೇ: ಕಟ್ಟಡ ನನ್ನದು, ನಡೆಸುವ ಖರ್ಚು ಊರಿನ ತೆರಿಗೆಯದು. (ನಾವೂ ಮನೆ ತೆರಿಗೆಯ ಜೊತೆಗೆ ಗ್ರಂಥಾಲಯದ ಕರ ಕಟ್ಟುತ್ತೇವೆ. ರಸೀದಿಯಲ್ಲಿ ನೋಡಿದವರು ಎಷ್ಟು ಜನವೋ!)

ಆ ದುಡ್ಡು ಎಲ್ಲಿಂದ ಬಂತು ಎಂಬುದನ್ನು ಬಿಟ್ಟು ಈ ಮಾತು ಹೇಳುವುದು ನ್ಯಾಯವಲ್ಲ. 1892ರಲ್ಲಿ ಪೆನ್ಸಿಲ್ವೇನಿಯಾದ ಹೋಮ್‌ಸ್ಟೆಡ್ ಎಂಬಲ್ಲಿದ್ದ ಅವನ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿ ಇಳಿಸಲು ಹೊರಟಾಗ ಕಾರ್ಮಿಕರು ಒಪ್ಪಲಿಲ್ಲ. ಆಡಳಿತದವರು ಬಾಗಿಲು ಹಾಕಿ, ಬಂದೂಕು ಹಿಡಿದ ಬಾಡಿಗೆ ಕಾವಲುಗಾರರನ್ನು ಕರೆಸಿದರು. ಜುಲೈ 6ರ ಕಾದಾಟದಲ್ಲಿ ಎರಡೂ ಕಡೆ ಸೇರಿ ಕನಿಷ್ಠ ಹತ್ತು ಜನ ಸತ್ತರು, ಕಾರ್ಮಿಕ ಸಂಘ ಮುರಿಯಿತು. ಕಾರ್ನೆಗಿ ಆಗ ಸ್ಕಾಟ್ಲೆಂಡಿನಲ್ಲಿ ಬೇಸಿಗೆ ಕಳೆಯುತ್ತಿದ್ದ. ದಿನಕ್ಕೆ 12 ಗಂಟೆ ಕುಲುಮೆಯ ಮುಂದೆ ದುಡಿದವನಿಗೆ ಗ್ರಂಥಾಲಯಕ್ಕೆ ಹೋಗಲು ಹೊತ್ತೆಲ್ಲಿ? ಕೂಲಿ ಕುಸಿದು ಊರು ಬಿಟ್ಟ ನೇಕಾರನ ಮಗನಿಗೆ ಇದು ಗೊತ್ತಾಗದೆ ಇರಲಿಲ್ಲ ಎಂದೇ ನನ್ನ ಭಾವನೆ. ಗ್ರಂಥಾಲಯ ಒಳ್ಳೆಯದೇ, ಹೋಮ್‌ಸ್ಟೆಡ್ ಕೆಟ್ಟದ್ದೇ. ಒಂದನ್ನು ಇನ್ನೊಂದರಲ್ಲಿ ಕಳೆದು ಲೆಕ್ಕ ಚುಕ್ತಾ ಮಾಡಲು ನನಗೆ ಬರುವುದಿಲ್ಲ.

ಅವನ ದಾನಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಪಿಟನ್‌ಕ್ರೀಫ್ ತೋಟ. ಮಾಲ್ಕಮ್‌ನ ಗೋಪುರವಿರುವ ಹಳ್ಳ, ಅದರ ಸುತ್ತಿನ 76 ಎಕರೆ ಅದು. ಆಗ ಅದೆಲ್ಲ ಒಬ್ಬ ಜಮೀನುದಾರನ ಖಾಸಗಿ ಆಸ್ತಿ, ಸುತ್ತ ಗೋಡೆ. ಮಠ ಮತ್ತು ಅರಮನೆಯ ಜಾಗಕ್ಕೆ ಜನರಿಗೂ ಹಕ್ಕಿದೆ ಎಂದು ಕಾರ್ನೆಗಿಯ ತಾಯಿಯ ತಂದೆ ಥಾಮಸ್ ಮಾರಿಸನ್ ಜಮೀನುದಾರನ ಮನೆತನದೊಡನೆ ಜಗಳ ಹೂಡಿದ್ದ. ವರ್ಷಕ್ಕೊಂದು ದಿನ ತೋಟದ ಬಾಗಿಲು ಊರಿಗೆ ತೆರೆಯುತ್ತಿತ್ತು. ಆದರೆ ಮಾರಿಸನ್ ಮನೆತನದ ಯಾರನ್ನೂ ಒಳಗೆ ಬಿಡಕೂಡದೆಂಬ ಅಪ್ಪಣೆ. ಓರಗೆಯ ಮಕ್ಕಳೆಲ್ಲ ಒಳಗೆ ಹೋದ ದಿನ ಆಂಡ್ರ್ಯೂ ಹೊರಗೆ. ಬ್ರೂಸನ ಕಥೆಗಳನ್ನು ಅವನು ಕಲಿತದ್ದು ಹೈಸ್ಟ್ರೀಟಿನಲ್ಲಿದ್ದ ಸೋದರ ಸಂಬಂಧದ ಮಾವ ಜಾರ್ಜ್ ಲಾಡರ್‌ನ ಕಿರಾಣಿ ಅಂಗಡಿಯಲ್ಲಿ. ರಾಜರ ಜಾಗವನ್ನು ಗೋಡೆಯ ಈಚೆಯಿಂದ ಇಣುಕಿ ನೋಡಬೇಕಿತ್ತು. 1902ರಲ್ಲಿ ಅವನು ಆ ಇಡೀ ತೋಟವನ್ನೇ ಕೊಂಡು, 1903ರಲ್ಲಿ ಊರಿನ ಜನರಿಗೆ ಕೊಟ್ಟುಬಿಟ್ಟ. ತನಗೆ ಸಿಕ್ಕ ಬಿರುದುಗಳಲ್ಲೆಲ್ಲ ಪಿಟನ್‌ಕ್ರೀಫ್‌ನ ಒಡೆಯ ಎಂಬುದೇ ದೊಡ್ಡದು ಎಂದುಕೊಂಡಿದ್ದನಂತೆ. ಇದರಲ್ಲಿ ಹಳೆಯ ಸೇಡೂ ಇದೆ. ಇದ್ದರೆ ಇರಲಿ, ಇಂಥ ಸೇಡು ಎಲ್ಲ ಊರಿಗೂ ಬೇಕು.

ಈಗ ಅಲ್ಲಿ ಟಿಕೆಟ್ಟಿಲ್ಲ. ಮಕ್ಕಳು ಜಾರುಬಂಡಿ ಆಡುತ್ತಾರೆ, ಮುದುಕರು ಬೆಂಚಿನ ಮೇಲೆ ಕೂತಿರುತ್ತಾರೆ. ನವಿಲುಗಳಿವೆ! ನಮ್ಮ ನಾಡಿನ ಹಕ್ಕಿ ಆ ಚಳಿಯಲ್ಲಿ, ಆ ಜಿಟಿಜಿಟಿ ಮಳೆಯಲ್ಲಿ ಗರಿ ಎಳೆದುಕೊಂಡು ಓಡಾಡುವುದನ್ನು ನೋಡಿ ಒಂದು ಕ್ಷಣ ನಾನು ಎಲ್ಲಿದ್ದೇನೆಂಬುದು ಮರೆತುಹೋಯಿತು. ಕೆಲವು ನವಿಲುಗಳು ತೋಟದ ಗೇಟು ದಾಟಿ ಪೇಟೆಗೂ ಬರುತ್ತವಂತೆ.

ಕೊನೆಗೆ ಲಿನನ್ ಗಿರಣಿಗಳೂ ಉಳಿಯಲಿಲ್ಲ. ಊರಿನ ಅತಿ ದೊಡ್ಡ ಗಿರಣಿಯ ಉಗ್ರಾಣದ ಕಟ್ಟಡದಲ್ಲಿ ಈಗ ಜನ ಫ್ಲ್ಯಾಟು ಮಾಡಿಕೊಂಡು ವಾಸಿಸುತ್ತಾರೆ. 2022ರಲ್ಲಿ ಊರಿಗೆ ನಗರದ ಪಟ್ಟ ಸಿಕ್ಕಿತು. ಅದನ್ನು ಕೊಡಲು ಬಂದವನು ಮೂರನೇ ಚಾರ್ಲ್ಸ್ ರಾಜ, ಒಂದನೇ ಚಾರ್ಲ್ಸ್ ಹುಟ್ಟಿದ ಊರಿಗೆ. ಗ್ರಂಥಾಲಯವನ್ನು 2017ರಲ್ಲಿ ದೊಡ್ಡದು ಮಾಡಿ ಪಕ್ಕದಲ್ಲೇ ವಸ್ತುಸಂಗ್ರಹಾಲಯ ಸೇರಿಸಿದ್ದಾರೆ. ನೇಯ್ಗೆಗೂ ಅಲ್ಲಿ ಜಾಗವಿದೆ. ಊರಿನ ಇತಿಹಾಸಕ್ಕೆಂದೇ ಓದುವ ಕೋಣೆಯಿದೆ. ನಾನು ಹೋದ ದಿನ ಇಬ್ಬರು ಹಿರಿಯರು ಹಳೆಯ ದಾಖಲೆಗಳಲ್ಲಿ ತಮ್ಮ ಮನೆತನದ ಹೆಸರು ಹುಡುಕುತ್ತಾ ಕೂತಿದ್ದರು. ಬ್ರೂಸನ ಗೋರಿ ಅಲ್ಲಿಂದ ಕೂಗಳತೆ ದೂರ. ಅವರಿಗೆ ಬೇಕಾಗಿದ್ದು ಬ್ರೂಸ್ ಅಲ್ಲ, ತಮ್ಮ ಮುತ್ತಜ್ಜ.

ನಮ್ಮ ಶಾಲೆಯ ಕಚೇರಿಯಲ್ಲಿ ಅಂಥದೇ ಒಂದು ದಾಖಲೆಯಿದೆ. ಐವತ್ತು ವರ್ಷಗಳ ದಾಖಲಾತಿ ರಿಜಿಸ್ಟರುಗಳಲ್ಲಿ ಪ್ರತಿ ವಿದ್ಯಾರ್ಥಿಯ ಹೆಸರಿನ ಮುಂದೆ ತಂದೆಯ ಉದ್ಯೋಗ ಬರೆದ ಕಾಲಂ ಇದೆ. ಯಾವ ವರ್ಷದವರೆಗೆ 'ನೇಕಾರಿಕೆ' ಎಂಬ ಪದ ತುಂಬಿತ್ತು, ಯಾವಾಗ 'ಕೂಲಿ' ಆಯಿತು, ಯಾವಾಗ 'ಡ್ರೈವರ್', 'ಬೆಂಗಳೂರಿನಲ್ಲಿ ಕೆಲಸ' ಎಂದಾಯಿತು ಎಂಬುದನ್ನು ಅದರಿಂದ ಲೆಕ್ಕ ಹಾಕಬಹುದು. ಮುಖ್ಯೋಪಾಧ್ಯಾಯರು ಅನುಮತಿ ಕೊಟ್ಟರೆ, ಯಾರ ಹೆಸರೂ ಹೊರಬೀಳದಂತೆ ಆ ಕಾಲಂ ಒಂದನ್ನೇ ಕಂಪ್ಯೂಟರಿಗೆ ಏರಿಸಿಕೊಡಲು ನಾನು ಸಿದ್ಧ. ದಸರೆಯ ರಜೆಯಲ್ಲಿ ಊರಿಗೆ ಬರುತ್ತೇನೆ. ಯಾರ ಮನೆಯ ಅಟ್ಟದ ಮೇಲಾದರೂ ಹಳೆಯ ಜಕಾರ್ಡ್ ರಟ್ಟುಗಳ ಸರವಿದ್ದರೆ ದಯವಿಟ್ಟು ಒಲೆಗೆ ಹಾಕಬೇಡಿ. ಅದು ಯಾವ ಸೀರೆಯ, ಯಾವ ಖಣದ ಹೂವು ಎಂದು ಹೇಳಬಲ್ಲ ಹಿರಿಯರು ಊರಿನಲ್ಲಿ ಇನ್ನೂ ಐದಾರು ಮಂದಿ ಇದ್ದಾರೆ.